ಆ ಹುಡುಗಿಯನ್ನು ನಾನು ಕೂರಿಸಬಾರದಿತ್ತು

(ಸಾಗರದಲ್ಲಿ ಶಿಕ್ಷಕರು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಳೆ ಹೀಗೆ ಹಿಡಿದುಕೊಂಡಿದ್ದರೂ ಇಷ್ಟು ಜನ ಬಂದಿದ್ದೀರಿ. ನನ್ನ ಕೈಯಲ್ಲಿ ಓದಿದವರೂ ಇಲ್ಲಿ ಕೂತಿದ್ದಾರೆ. ಅವರಲ್ಲಿ ಕೆಲವರು ಈಗ ತಾವೇ ಮೇಷ್ಟ್ರು, ಟೀಚರ್ ಆಗಿದ್ದಾರೆ. ನೋಡಿ ಖುಷಿಯಾಯಿತು.

ನನ್ನ ಒಂದು ತಪ್ಪಿನಿಂದಲೇ ಮಾತು ಶುರು ಮಾಡುತ್ತೇನೆ.

ತುಂಬಾ ವರ್ಷಗಳ ಹಿಂದೆ ಶಿಕಾರಿಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಮಾಡುತ್ತಿದ್ದೆ. ಅವತ್ತು 1942ರ ಕ್ವಿಟ್ ಇಂಡಿಯಾ ಚಳವಳಿಯ ಪಾಠ. ಪುಸ್ತಕದಲ್ಲಿ ಈಸೂರು ಕೆಲವೇ ಸಾಲಿನಲ್ಲಿ ಮುಗಿದುಹೋಗುತ್ತಿತ್ತು. ನಮಗೋ ಅದು ನಮ್ಮದೇ ತಾಲ್ಲೂಕಿನ ಊರು. ಬಸ್ಸಿನ ಬೋರ್ಡಿನಲ್ಲಿ ದಿನಾ ಕಾಣುವ ಹೆಸರು. ಹಾಗಾಗಿ ಪುಸ್ತಕ ಮುಚ್ಚಿಟ್ಟು ಕಥೆ ಹೇಳಿದೆ.

ಊರವರು ಸೇರಿ ದೇವಸ್ಥಾನದ ಮೇಲೆ ಬಾವುಟ ಹಾರಿಸಿದ್ದು. ನಮ್ಮೂರು ಇನ್ನು ಸ್ವತಂತ್ರ, ಕಂದಾಯ ಕೊಡುವುದಿಲ್ಲ ಎಂದು ಸಾರಿದ್ದು. ಜಯಣ್ಣ ಎಂಬ ಹುಡುಗನನ್ನು ಅಮಲ್ದಾರ (ಈಗಿನ ತಹಶೀಲ್ದಾರ) ಮಾಡಿದ್ದು, ಮಲ್ಲಪ್ಪಯ್ಯ ಎಂಬ ಹುಡುಗನನ್ನು ಸಬ್ ಇನ್ಸ್‌ಪೆಕ್ಟರ್ ಮಾಡಿದ್ದು. ಇದನ್ನು ಕೇಳಿ ತರಗತಿಯ ಗಂಡುಹುಡುಗರು ನೆಟ್ಟಗೆ ಕೂತರು. ಹುಡುಗನೊಬ್ಬ ಅಮಲ್ದಾರ ಆಗಿದ್ದ ಅಂದರೆ ಯಾರಿಗೆ ತಾನೆ ಕಿವಿ ನಿಮಿರುವುದಿಲ್ಲ? ‘ಏಸೂರ ಕೊಟ್ಟರೂ ಈಸೂರ ಕೊಡೆವು’ ಎಂದು ಎಲ್ಲರ ಕೈಲೂ ಕೂಗಿಸಿದೆ. ಪಕ್ಕದ ತರಗತಿಯವರು ಬಂದು ಬಾಗಿಲಲ್ಲಿ ನಿಂತು ನೋಡಿದರು.

ಆಮೇಲೆ 1942ರ ಸೆಪ್ಟೆಂಬರ್ 28ಕ್ಕೆ ಬಂದೆ. ಸರ್ಕಾರದ ಅಮಲ್ದಾರರು, ಸಬ್ ಇನ್ಸ್‌ಪೆಕ್ಟರು ಪೊಲೀಸರ ಜೊತೆ ಊರಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಊರವರು ಹೇಳಿದರು. ಮಾತಿಗೆ ಮಾತು ಬೆಳೆಯಿತು, ಗಲಾಟೆಯಾಯಿತು. ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಅಲ್ಲೇ ಸತ್ತರು. ಅದಾದ ಮೇಲೆ ಊರಿನ ಮೇಲೆ ಪೊಲೀಸರು, ಸೈನ್ಯ ಬಂತು. ಮನೆಗಳು ಲೂಟಿಯಾದವು, ಸುಟ್ಟವು. ಜನ ಕಾಡು ಸೇರಿದರು. ಮೊಕದ್ದಮೆ ನಡೆಯಿತು. ಶಿಕ್ಷೆಯಾದವರಲ್ಲಿ ಹೆಂಗಸರೂ ಇದ್ದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೆ ಹಾಕಿದರು.

ತರಗತಿ ಸದ್ದಿಲ್ಲದೆ ಕೂತಿತ್ತು. ಆಗ ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದಳು. ಅವಳು ಜಾಸ್ತಿ ಮಾತಾಡುವವಳಲ್ಲ.

“ಸಾರ್, ಸತ್ತೋದ್ರಲ್ಲ ಆ ಅಮಲ್ದಾರ್ರು, ಅವ್ರೂ ನಮ್ಮ ಕಡೆಯವ್ರೇನಾ? ಇಂಗ್ಲಿಷ್ನವ್ರಾ?”

“ನಮ್ಮವರೇ. ಕನ್ನಡದವರು,” ಅಂದೆ.

“ಅವ್ರಿಗೂ ಮನೇಲಿ ಮಕ್ಳು ಇದ್ದಿರ್ಬೌದಲ್ವಾ ಸಾರ್? ಅವ್ರಿಗೆ ಈ ಪಾಠ ಹೆಂಗೆ ಮಾಡ್ತಾರೆ?”

“ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ” ಅಂದೆ.

ಅವಳು ಕೂತಳು. ಗಂಟೆ ಹೊಡೆಯಿತು. ಆ ವರ್ಷ ಪೂರ್ತಿ ಅವಳು ಮತ್ತೆ ಪ್ರಶ್ನೆ ಕೇಳಲಿಲ್ಲ.

ಸ್ಟಾಫ್ ರೂಮಿಗೆ ಬಂದು ಟೀ ಕುಡಿಯುವಾಗಲೇ ನನಗೆ ತಪ್ಪು ಮಾಡಿದೆ ಅನ್ನಿಸಿತು. ಆದರೆ ಏನು ತಪ್ಪು ಮಾಡಿದೆ ಅಂತ ತಿಳಿಯಲು ವರ್ಷಗಳೇ ಹಿಡಿದವು. ಇವತ್ತು ನಿಮ್ಮ ಮುಂದೆ ಇಡಬೇಕು ಎಂದುಕೊಂಡಿರುವುದು ಅದನ್ನೇ. ದೇಶದ ಇತಿಹಾಸದಲ್ಲಿ ಕಷ್ಟದ ಜಾಗಗಳಿವೆ. ಹೇಳಲು ನಾಲಿಗೆ ತಡವರಿಸುವ ಜಾಗಗಳು. ನಾವು ಮೇಷ್ಟ್ರುಗಳು ಅದನ್ನು ಹಾರಿಸಿಕೊಂಡು ಹೋಗುತ್ತೇವೆ. ಮಕ್ಕಳು ನಿಲ್ಲುವುದು ಸರಿಯಾಗಿ ಅಲ್ಲೇ. ಅವರ ಜೊತೆ ನಾವೂ ಅಲ್ಲಿ ನಿಲ್ಲಬೇಕು.

ಆ ಹುಡುಗಿ ಈಸೂರಿನವರ ವಿರುದ್ಧ ಮಾತಾಡಿರಲಿಲ್ಲ. ಗಲ್ಲಿಗೇರಿದ ಐವರ ಹೆಸರು ಕೇಳುವಾಗ ಅವಳ ಕಣ್ಣಲ್ಲಿ ನೀರಿತ್ತು, ನಾನು ನೋಡಿದ್ದೆ. ಅದೇ ಕಣ್ಣಿಗೆ ಇನ್ನೆರಡು ಹೆಣ ಕೂಡ ಕಂಡಿತು, ಅಷ್ಟೆ. ಅವಳಿಗೆ ಎರಡೂ ಕಂಡಿತು. ನನಗೆ ಒಂದೇ ಕಂಡಿತ್ತು.

ಸರಿ, ಅವಳನ್ನು ಕೂರಿಸದೆ ಆ ಪ್ರಶ್ನೆಯನ್ನು ಹಿಡಿದು ಹೋಗಿದ್ದರೆ ಏನು ಸಿಗುತ್ತಿತ್ತು? ನೋಡಿ, ಎಷ್ಟು ಸಿಗುತ್ತಿತ್ತು!

ಆ ಅಮಲ್ದಾರರು ಯಾರ ನೌಕರರು? ಮೈಸೂರು ಮಹಾರಾಜರ ಸರ್ಕಾರದ ನೌಕರರು. ಶಿವಮೊಗ್ಗ ಜಿಲ್ಲೆ ಆಗ ಬ್ರಿಟಿಷರ ನೇರ ಆಳ್ವಿಕೆಯಲ್ಲಿ ಇರಲಿಲ್ಲ. ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಗಲ್ಲು ಶಿಕ್ಷೆ ಜಾರಿಯಾಗಿದ್ದೂ ಅದೇ ಸಂಸ್ಥಾನದಲ್ಲಿ. ಆಗ ಜಯಚಾಮರಾಜ ಒಡೆಯರ್ ಮಹಾರಾಜರಾಗಿದ್ದರು. ಇದನ್ನು ಹೇಳಿದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಯಾಕೆಂದರೆ ಮೈಸೂರು ಅರಸರು ಎಂದರೆ ಅವರಿಗೆ ಒಳ್ಳೆಯವರು. ಅದೂ ಸುಳ್ಳಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ 1923ರಲ್ಲಿ ನಮ್ಮ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅದರ ಹಿಂದೆ ವಿಶ್ವೇಶ್ವರಯ್ಯನವರ ದುಡಿಮೆ ಇತ್ತು. ಭದ್ರಾವತಿಯಲ್ಲಿ ಎಷ್ಟು ಮನೆಯ ಒಲೆ ಆ ಕಾರ್ಖಾನೆಯಿಂದ ಉರಿದಿಲ್ಲ! ಕಾರ್ಖಾನೆ ಕಟ್ಟಿದ್ದೂ ಆ ಸಂಸ್ಥಾನವೇ, ಇಪ್ಪತ್ತು ವರ್ಷದ ಮೇಲೆ ಈಸೂರಿನ ಐವರನ್ನು ಗಲ್ಲಿಗೆ ಕಳಿಸಿದ್ದೂ ಅದೇ ಸಂಸ್ಥಾನ. ಹದಿನೈದು ವರ್ಷದ ಮಗುವಿಗೆ ಇದು ಅರ್ಥವಾಗುವುದಿಲ್ಲ ಅಂತೀರಾ? ಮನೆಯಲ್ಲಿ ಪ್ರೀತಿಯಿಂದ ಊಟ ಬಡಿಸುವ ಅಪ್ಪ ಸಿಟ್ಟು ಬಂದಾಗ ಏನು ಮಾಡುತ್ತಾನೆ ಎಂದು ಅವರಿಗೆ ಗೊತ್ತು. ಒಬ್ಬರಲ್ಲೇ ಎರಡಿರುತ್ತದೆ ಎಂಬುದು ನಮಗಿಂತ ಮಕ್ಕಳಿಗೇ ಬೇಗ ತಿಳಿಯುತ್ತದೆ.

ಇನ್ನೊಂದು ಮಾತು. ಈಸೂರಿನವರು ಊರ ಬಾಗಿಲಲ್ಲಿ ಒಂದು ಬೋರ್ಡು ಹಾಕಿದ್ದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಇಲ್ಲಿ ಪ್ರವೇಶವಿಲ್ಲ ಎಂಬುದು ಅದರ ಅರ್ಥ. ಮೊದಮೊದಲು ನಾನಿದನ್ನು ಬೈಗುಳ ಎಂದುಕೊಂಡಿದ್ದೆ. ಮಕ್ಕಳೂ ಹಾಗೇ ಅಂದುಕೊಳ್ಳುತ್ತಾರೆ. ‘ಜವಾಬ್ದಾರಿ ಇಲ್ವಾ ನಿಂಗೆ’ ಎಂದು ಮನೆಯಲ್ಲಿ ದಿನಾ ಬೈಸಿಕೊಳ್ಳುತ್ತಾರಲ್ಲ. ಆದರೆ ಆ ಕಾಲದಲ್ಲಿ ಆ ಮಾತಿಗೆ ಬೇರೆಯೇ ತೂಕ. ಮೈಸೂರು ಸಂಸ್ಥಾನದ ಕಾಂಗ್ರೆಸ್ಸಿನವರು ಕೇಳುತ್ತಿದ್ದದ್ದೇ ‘ಜವಾಬ್ದಾರಿ ಸರ್ಕಾರ’. ಅಂದರೆ ಜನರಿಗೆ ಉತ್ತರ ಕೊಡಬೇಕಾದ ಸರ್ಕಾರ. ಮಂತ್ರಿಗಳು ಮಹಾರಾಜರಿಗಲ್ಲ, ಜನ ಆರಿಸಿದ ಸಭೆಗೆ ಲೆಕ್ಕ ಒಪ್ಪಿಸಬೇಕು ಎನ್ನುವುದು ಅವರ ಬೇಡಿಕೆ. ಒಂದು ಹಳ್ಳಿಯ ಜನ ಮರದ ಹಲಗೆಯ ಮೇಲೆ ಬರೆದ ಒಂದೇ ಪದದಲ್ಲಿ ರಾಜ್ಯಶಾಸ್ತ್ರದ ಒಂದು ಪಾಠವೇ ಇತ್ತು.

ಈ ಪದ ಹಿಡಿದು ಹೋದರೆ ಮಕ್ಕಳು ಮತ್ತೊಂದು ಕಡೆ ಬಂದು ನಿಲ್ಲುತ್ತಾರೆ. 1947ರ ಆಗಸ್ಟ್ 15. ದೆಹಲಿಯಲ್ಲಿ ಬಾವುಟ ಹಾರಿತು. ಮೈಸೂರಿನಲ್ಲಿ? ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಆದರೆ ಜವಾಬ್ದಾರಿ ಸರ್ಕಾರ ಇನ್ನೂ ಬಂದಿರಲಿಲ್ಲ. ಅದಕ್ಕಾಗಿ ಸೆಪ್ಟೆಂಬರಿನಲ್ಲಿ ಮತ್ತೆ ‘ಮೈಸೂರು ಚಲೋ’ ಎಂದು ಬೀದಿಗಿಳಿಯಬೇಕಾಯಿತು. ಶಾಲೆ ಕಾಲೇಜಿನ ಹುಡುಗರು ಬೀದಿಗೆ ಬಂದರು. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ನಮ್ಮ ಅಜ್ಜ ಅಜ್ಜಿಯರ ಪಾಲಿಗೆ ಸ್ವಾತಂತ್ರ್ಯ ಒಂದೇ ರಾತ್ರಿಯಲ್ಲಿ ಬರಲಿಲ್ಲ. ಎರಡು ತಿಂಗಳು ಕಾದು, ಕೇಳಿ ಪಡೆದರು. ಪ್ರತಿ ಆಗಸ್ಟ್ 15ಕ್ಕೆ ಸ್ಟೇಜಿನ ಮೇಲೆ ಭಾಷಣ ಮಾಡುವ ಮಗುವಿಗೆ ಇದು ಗೊತ್ತಿರಬೇಕಲ್ವಾ? ದೇಶದ ಕಥೆಯಲ್ಲಿ ತನ್ನ ಜಿಲ್ಲೆ ಎಲ್ಲಿ ನಿಂತಿತ್ತು ಎಂಬುದು?

ಹುಡುಗಿ ಕೇಳಿದ ಒಂದು ಪ್ರಶ್ನೆಯೊಳಗೆ ಇಷ್ಟೆಲ್ಲ ಇತ್ತು. ನಾನು ‘ಕೂತ್ಕೋ’ ಅಂದೆ.

ಯಾಕೆ ಹಾಗಂದೆ ಎಂದು ನನಗೂ ಗೊತ್ತು, ಇಲ್ಲಿ ಕೂತಿರುವ ಮೇಷ್ಟ್ರುಗಳಿಗೂ ಗೊತ್ತು. ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನ ಎಂದರೆ ಇತಿಹಾಸ ಒಂದೇ ಅಲ್ಲ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲ ಒಂದೇ ವಿಷಯ, ಒಂದೇ ಪತ್ರಿಕೆ, 80 ಅಂಕ. ಜನವರಿಯೊಳಗೆ ಪೋರ್ಷನ್ ಮುಗಿಸಿ ರಿವಿಜನ್ ಶುರು ಮಾಡಬೇಕು. ಫಲಿತಾಂಶ ಕಡಿಮೆಯಾದರೆ ಮೀಟಿಂಗಿನಲ್ಲಿ ಎದ್ದು ನಿಂತು ಉತ್ತರ ಹೇಳಬೇಕು. ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆಯಿರಿ, ಇಸವಿ ಬಾಯಿಪಾಠ. ಇದರ ನಡುವೆ ಸತ್ತ ಅಮಲ್ದಾರರ ಮಕ್ಕಳ ಬಗ್ಗೆ ಯೋಚಿಸಲು ಪುರುಸೊತ್ತು ಎಲ್ಲಿ? ನಾನು ಇದನ್ನು ಹಗುರವಾಗಿ ಹೇಳುತ್ತಿಲ್ಲ. ಮೂವತ್ತು ವರ್ಷ ಇದೇ ನೊಗ ಹೊತ್ತವನು ನಾನು.

ಪಠ್ಯಪುಸ್ತಕದ ಬಗ್ಗೆ ಜಗಳ ಆಗುತ್ತಲೇ ಇರುತ್ತದೆ. 2022ರಲ್ಲೂ ನೋಡಿದೆವು, 2023ರಲ್ಲೂ ನೋಡಿದೆವು. ಯಾರ ಪಾಠ ಇರಬೇಕು, ಯಾರದ್ದು ತೆಗೆಯಬೇಕು. ಅದು ಬೇಡದ ಚರ್ಚೆ ಎಂದು ನಾನು ಹೇಳುವುದಿಲ್ಲ. ಆದರೆ ಪುಸ್ತಕದಲ್ಲಿ ಯಾವ ಪಾಠವೇ ಇರಲಿ, ತರಗತಿಯಲ್ಲಿ ಮಗು ಎದ್ದು ನಿಂತಾಗ ಮೇಷ್ಟ್ರು ಏನನ್ನುತ್ತಾರೆ ಎನ್ನುವುದರ ಬಗ್ಗೆ ಯಾವ ಟಿವಿಯಲ್ಲೂ ಚರ್ಚೆ ಆಗುವುದಿಲ್ಲ. ಅದು ನಮ್ಮ ನಮ್ಮ ಕೈಯಲ್ಲೇ ಇದೆ.

ಈಗ ಇದೇ ತಾಲ್ಲೂಕಿನ ಕಾಗೋಡು ಎಂಬ ಊರಿನ ವಿಷಯಕ್ಕೆ ಬರುತ್ತೇನೆ. ಸಾಗರದಲ್ಲಿ ನಿಂತು ಕಾಗೋಡಿನ ಹೆಸರೆತ್ತದೆ ಹೋದರೆ ನೀವು ಬಿಡುತ್ತೀರಾ?

ನನಗೆ ಈ ತಾಲ್ಲೂಕಿಗೆ ವರ್ಗವಾದ ಮೇಲೆ ನಡೆದದ್ದು. 1951ರ ಕಾಗೋಡು ಸತ್ಯಾಗ್ರಹದ ಪಾಠ ಮಾಡಬೇಕು. ಗೇಣಿದಾರರ, ಅಂದರೆ ಧಣಿಯ ಹೊಲ ಉತ್ತು ಅದಕ್ಕೆ ಭತ್ತ ಅಳೆದು ಕೊಡುವ ರೈತರ ಹೋರಾಟ, ಎಚ್. ಗಣಪತಿಯಪ್ಪನವರು ಸಂಘಟನೆ ಮಾಡಿದರು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಜೂನಿನಲ್ಲಿ ಬಂದು ಬಂಧನಕ್ಕೊಳಗಾದರು. ಇದನ್ನು ಬೋರ್ಡಿನ ಮೇಲೆ ಬರೆದರೆ ಹತ್ತು ನಿಮಿಷದ ಕೆಲಸ. ಮಕ್ಕಳು ಬರೆದುಕೊಳ್ಳುತ್ತಾರೆ, ನಾನು ಕೈಯ ಸುಣ್ಣ ಒರೆಸಿಕೊಂಡು ಹೊರಡುತ್ತೇನೆ. ಈ ಸಲ ಹಾಗೆ ಮಾಡಲಿಲ್ಲ. ಹಿಂದಿನ ದಿನವೇ ಹೇಳಿದೆ, “ಮನೇಲಿ ಅಟ್ಟದ ಮೇಲೆ, ಕಣಜದ ಹತ್ತಿರ ಹುಡುಕಿ. ಹಳೇ ಅಳತೆ ಏನೇ ಸಿಕ್ಕಿದ್ರೂ ತನ್ನಿ. ಅಜ್ಜ ಅಜ್ಜೀನ ಕೇಳಿ.”

ಮಾರನೇ ದಿನ ಮೇಜಿನ ಮೇಲೆ ಜಾಗ ಸಾಲಲಿಲ್ಲ. ಪಾವು, ಚಟಾಕು, ಸೇರು. ತುಕ್ಕು ಹಿಡಿದದ್ದು, ಹಿತ್ತಾಳೆ ಪಟ್ಟಿಯದ್ದು, ಮರದ್ದು. ಎರಡು ಕೊಳಗ ಬಂದಿದ್ದವು. ಒಬ್ಬ ಹುಡುಗ ಸೇರಿನ ತುಂಬ ಭತ್ತವನ್ನೇ ತಂದಿದ್ದ. ಅವನಮ್ಮ ‘ಖಾಲಿ ಸೇರು ಮನೆಯಿಂದ ಹೊರಗೆ ಹೋಗಬಾರದು’ ಎಂದರಂತೆ. ಆ ಭತ್ತವೇ ನಮಗೆ ಕೆಲಸಕ್ಕೆ ಬಂತು.

ಎರಡೂ ಕೊಳಗ ಸೇರಿನಿಂದ ಅಳೆದೆವು. ಮಕ್ಕಳೇ ಅಳೆದರು. ಎರಡೂ ಒಂದೇ ಆಗಿರಲಿಲ್ಲ! ಒಂದು ಕೊಳಗ ಇನ್ನೊಂದಕ್ಕಿಂತ ಜಾಸ್ತಿ ಹಿಡಿಯುತ್ತಿತ್ತು. ತರಗತಿಯಲ್ಲಿ ಗಲಾಟೆ. “ಸರಿಯಾಗಿ ತಲೆ ಹೊಡ್ದು ಅಳೆಯೋ”, “ನೀನು ರಾಶಿ ಮಾಡ್ತಿದೀಯ, ಸಾಟಿ ಆಗಲ್ಲ” ಎಂದೆಲ್ಲ. ಮತ್ತೆ ಅಳೆದರು. ಮತ್ತೆ ಅಷ್ಟೇ.

ಆಗ ಲೆಕ್ಕ ಕೊಟ್ಟೆ. ಮೂರು ಸೇರಿಗೆ ಒಂದು ಕೊಳಗ ಅಂದುಕೊಳ್ಳಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಈಗ ಗೇಣಿ ಅಳೆಯುವ ಧಣಿ ಮನೆಯ ಕೊಳಗ ಅರ್ಧ ಸೇರು ದೊಡ್ಡದು ಅಂತಿಟ್ಟುಕೊಳ್ಳಿ. ಹತ್ತು ಖಂಡುಗ ಗೇಣಿ ಕೊಡುವವನ ಮನೆಯಿಂದ ಎಷ್ಟು ಭತ್ತ ಲೆಕ್ಕಕ್ಕೆ ಸಿಗದೆ ಹೋಯಿತು? ಮಕ್ಕಳು ಸ್ಲೇಟಿಲ್ಲದೆಯೇ ಬೆರಳಲ್ಲಿ ಮಾಡಿದರು. ಒಂದು ಖಂಡುಗಕ್ಕೆ ಹತ್ತು ಸೇರು. ಹತ್ತು ಖಂಡುಗಕ್ಕೆ ನೂರು ಸೇರು. ಒಬ್ಬಳು ಹುಡುಗಿ ಮೆಲ್ಲಗೆ ಕೇಳಿದಳು, “ಸಾರ್, ನಮ್ಮನೇಲಿ ನೂರು ಸೇರು ಅಂದ್ರೆ ಎಷ್ಟು ತಿಂಗ್ಳು ಊಟ?” ಅದನ್ನೂ ಲೆಕ್ಕ ಹಾಕಿದೆವು.

ಕಾಗೋಡಿನ ಗೇಣಿದಾರರ ಮುಖ್ಯ ದೂರುಗಳಲ್ಲಿ ಒಂದು ಇದೇ ಕೊಳಗ. ಅಳತೆಯ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ಬೀಜಕ್ಕೆಂದು ಕೇಳಿದ್ದಲ್ಲ, ದಾನ ಕೇಳಿದ್ದಲ್ಲ. ಅಳತೆ ಸರಿ ಇರಲಿ ಎಂದು ಕೇಳಿದರು. ಗೇಣಿ ಮಾಡುತ್ತಿದ್ದ ದೀವರ ಸಮುದಾಯದ ಹೆಂಗಸರು ಗಂಡಸರು ಹೊಲಕ್ಕಿಳಿದರು, ಜೈಲಿಗೆ ಹೋದರು. ನೆನಪಿಡಿ, ಇದು 1951. ಬ್ರಿಟಿಷರು ಹೋಗಿ ನಾಲ್ಕು ವರ್ಷ ಆಗಿದೆ. ಸಂವಿಧಾನ ಬಂದು ವರ್ಷ ದಾಟಿದೆ. ಅವರನ್ನು ಜೈಲಿಗೆ ಹಾಕಿದ್ದು ನಮ್ಮದೇ ಸರ್ಕಾರ. 1942ರಲ್ಲಿ ಜವಾಬ್ದಾರಿ ಸರ್ಕಾರ ಬೇಕು ಎಂದು ಈಸೂರಿನವರು ಬೋರ್ಡು ಹಾಕಿದರು. ಅಂಥ ಸರ್ಕಾರ ಬಂದ ಮೇಲೂ ಕಾಗೋಡಿನವರು ಅದರ ಬಾಗಿಲು ಬಡಿಯಬೇಕಾಯಿತು. ನಮ್ಮ ಜಿಲ್ಲೆಯ ಈ ಎರಡು ಊರುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಸ್ವಾತಂತ್ರ್ಯ ಎನ್ನುವ ಪದದ ಒಳಗೆ ಏನೇನಿದೆ ಎಂದು ಮಕ್ಕಳಿಗೆ ತಾನಾಗೇ ಹೊಳೆಯುತ್ತದೆ. ಮುಂದಿನ ವರ್ಷ 1952ರ ಮೊದಲ ಚುನಾವಣೆಯಲ್ಲಿ ಗೋಪಾಲಗೌಡರು ಇದೇ ಭಾಗದಿಂದ ಗೆದ್ದು ಶಾಸನಸಭೆಗೆ ಹೋದರು. ‘ಉಳುವವನೇ ಹೊಲದೊಡೆಯ’ ಎಂಬ ಮಾತಿಗೆ ಕಾನೂನಿನ ಬಲ ಸರಿಯಾಗಿ ಸಿಕ್ಕಿದ್ದು ದೇವರಾಜ ಅರಸರ ಕಾಲದಲ್ಲಿ. ತಿದ್ದುಪಡಿಯಾದ ಭೂಸುಧಾರಣೆ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ನಡುವೆ ಇಪ್ಪತ್ತಮೂರು ವರ್ಷ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅದನ್ನು ಹೇಳದೆ ಹೋದರೆ ಈ ಮಾತಿಗೆ ಬೆಲೆಯಿಲ್ಲ.

ನಮ್ಮ ತರಗತಿಯಲ್ಲಿ ಗೇಣಿ ಕೊಟ್ಟವರ ಮೊಮ್ಮಕ್ಕಳೂ ಇದ್ದಾರೆ, ಗೇಣಿ ತೆಗೆದುಕೊಂಡವರ ಮೊಮ್ಮಕ್ಕಳೂ ಇದ್ದಾರೆ. ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಒಂದೇ ಚೆಂಡಿನಲ್ಲಿ ಆಡುತ್ತಾರೆ. ಕೊಳಗದ ಲೆಕ್ಕ ಮಾಡುವಾಗ ಒಬ್ಬ ಹುಡುಗ ತಲೆ ತಗ್ಗಿಸಿ ಕೂತಿದ್ದನ್ನು ನೋಡಿದೆ. ದೊಡ್ಡ ಮನೆಯ ಹುಡುಗ. ಯಾರೂ ಅವನಿಗೆ ಏನೂ ಅಂದಿರಲಿಲ್ಲ. ಆದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನಾನು ಮಗುವನ್ನು ಅವನ ಮುತ್ತಜ್ಜನ ಹೆಸರಿನಲ್ಲಿ ಕಟಕಟೆಗೆ ನಿಲ್ಲಿಸಿದೆನಾ?

ಅವತ್ತು ತರಗತಿಗೆ ಹೇಳಿದೆ, “ನಾವು ಅಳೆದದ್ದು ಕೊಳಗವನ್ನು. ಇಲ್ಲಿ ಕೂತಿರೋ ಯಾರನ್ನೂ ಅಳೀತಾ ಇಲ್ಲ. ಇಲ್ಲಿರೋ ಒಬ್ಬರೂ ಆಗ ಹುಟ್ಟಿರಲಿಲ್ಲ.” ಆ ಹುಡುಗನನ್ನು ಆಮೇಲೆ ಕರೆದು ಮಾತಾಡಿಸಿದೆ. ಅವನು ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಒಂದು ಹಳೇ ಲೆಕ್ಕದ ಪುಸ್ತಕ ತಂದ. ಕೆಂಪು ಬಟ್ಟೆಯ ರಟ್ಟು, ಮೂಲೆಯಲ್ಲಿ ಗೆದ್ದಲು ತಿಂದಿತ್ತು. ಅವನ ಅಜ್ಜಿಯೇ ತೆಗೆದುಕೊಟ್ಟರಂತೆ, ಮೇಷ್ಟ್ರಿಗೆ ತೋರಿಸು ಎಂದು. ಒಳಗೆ ಗೇಣಿಯ ಲೆಕ್ಕ. ಹೆಸರು, ಖಂಡುಗ, ಕೊಳಗ, ಬಾಕಿ.

ಮಕ್ಕಳು ಆ ಹಳೆಯ ಕೈಬರಹ ಓದಲು ಕಷ್ಟಪಟ್ಟರು. ಅಕ್ಷರ ಅಕ್ಷರ ಕೂಡಿಸಿ ಓದಿದರು. ಒಬ್ಬಳಿಗೆ ತನ್ನ ಮುತ್ತಜ್ಜನ ಹೆಸರು ಸಿಕ್ಕಿತು. ಹೆಸರಿನ ಮುಂದೆ ಬಾಕಿ. ಅದರ ಮುಂದಿನ ವರ್ಷವೂ ಬಾಕಿ. ಅವಳು ಆ ಸಾಲಿನ ಮೇಲೆ ಬೆರಳಿಟ್ಟು ಸುಮ್ನೆ ಕೂತಳು. ಪುಸ್ತಕ ತಂದ ಹುಡುಗ ಅವಳ ಪಕ್ಕದಲ್ಲೇ ನಿಂತಿದ್ದ. ಇಬ್ಬರೂ ಒಂದೇ ಪುಟ ನೋಡುತ್ತಿದ್ದರು. ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು?

ಮನೆಯಲ್ಲಿ ಇಂಥ ಪುಸ್ತಕ ಇದೆ ಎಂದು ಒಪ್ಪಿಕೊಂಡು ಕೊಟ್ಟು ಕಳಿಸಿದ ಆ ಅಜ್ಜಿಯ ದೊಡ್ಡತನ ನಾನು ಇವತ್ತಿಗೂ ಮರೆತಿಲ್ಲ.

ಇನ್ನು ಹುಡುಗರ ಕೈಯ ಫೋನಿನ ವಿಷಯ. ಇದಕ್ಕೆ ಜಾಸ್ತಿ ಹೊತ್ತು ತೆಗೆದುಕೊಳ್ಳುವುದಿಲ್ಲ. “ಸಾರ್, ರೀಲ್ಸಲ್ಲಿ ಬೇರೆ ತರ ಹೇಳಿದ್ದಾರೆ” ಎಂದು ಮಕ್ಕಳು ಬರುತ್ತಾರೆ. ಬರಲಿ. ಬೈಯಬೇಡಿ. ‘ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತಾಯಿತಂತೆ?’ ಎಂದು ಕೇಳಿ. ಇದೇ ಪ್ರಶ್ನೆಯನ್ನು ಕಲ್ಲಿನ ಮುಂದೆಯೂ ಕೇಳುವುದನ್ನು ಕಲಿಸಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಮುಂದೆ ಕದಂಬರ ಸ್ತಂಭ ಶಾಸನ ಇದೆ. ಮಯೂರಶರ್ಮ ಓದಲು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ ಕತ್ತಿ ಹಿಡಿದದ್ದು ಎಲ್ಲ ನಮಗೆ ಗೊತ್ತಾಗಿದ್ದು ಆ ಕಲ್ಲಿನಿಂದ. ಕುಬ್ಜ ಎಂಬ ಕವಿ ಬರೆದದ್ದು. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಕೇಳಿದೆ, ಇದನ್ನು ಬರೆಸಿದ್ದು ಯಾರು? ಮಯೂರಶರ್ಮನ ವಂಶದವರೇ, ಕೆಲವು ತಲೆಮಾರು ಕಳೆದ ಮೇಲೆ. ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ನೆನಪಿಗೆ. “ಹಂಗಾದ್ರೆ ಪಲ್ಲವರ ಕಡೆ ಕಲ್ಲಲ್ಲಿ ಈ ಜಗಳ ಹೆಂಗೆ ಬರ್ದಿರ್ತಾರೆ ಸಾರ್?” ಅಂದ ಒಬ್ಬ. ಆ ಪ್ರಶ್ನೆ ಕೇಳಲು ಬಂದರೆ ಸಾಕು, ರೀಲ್ಸಿಗೂ ಅದೇ ಸಾಕು.

ನಗರ ಎಂಬ ಸೀಮೆಯಲ್ಲಿ ನಡೆದ ದಂಗೆಯ ಬಗ್ಗೆ ಎರಡು ಮಾತು. ಹೊಸನಗರದ ಕಡೆಯವರು ಇದ್ದೀರಿ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಎದ್ದರು. ತೆರಿಗೆ, ಅಧಿಕಾರಿಗಳ ಲಂಚ ತಾಳಲಾರದೆ. ಬೂದಿ ಬಸವಪ್ಪ ನಾನೇ ನಗರದ ಅರಸ ಎಂದು ಮುಂದೆ ಬಂದ. ದಂಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತದ ವಿರುದ್ಧ. ದಂಗೆ ಅಡಗಿಸಲಾಗಲಿಲ್ಲ ಎಂಬುದನ್ನೇ ಮುಂದೆ ಮಾಡಿ ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ತಾವೇ ತೆಗೆದುಕೊಂಡರು. 1881ರ ತನಕ ಬಿಡಲಿಲ್ಲ. ಈಗ ಹೇಳಿ, ಇದು ಸ್ವಾತಂತ್ರ್ಯ ಹೋರಾಟವೇ? ಹೌದು ಅಂದರೂ ಪೂರ್ತಿ ಸರಿಯಲ್ಲ, ಅಲ್ಲ ಅಂದರೂ ಆ ರೈತರಿಗೆ ಅನ್ಯಾಯ. ಮಕ್ಕಳು ಇದರ ಮೇಲೆ ಒಂದು ಇಡೀ ಪೀರಿಯಡ್ ವಾದ ಮಾಡಿದ್ದಾರೆ. ನಾನು ತೀರ್ಪು ಕೊಡಲಿಲ್ಲ.

ಶರಾವತಿಯ ಹಿನ್ನೀರಿನ ಮಕ್ಕಳಿಗೆ ಪಾಠ ಮಾಡಿದ ನೆನಪೂ ಇದೆ. ‘ಸ್ವಾತಂತ್ರ್ಯಾನಂತರದ ಭಾರತ’ ಎಂಬ ಪಾಠದಲ್ಲಿ ಅಣೆಕಟ್ಟು, ವಿದ್ಯುತ್ತು, ಪ್ರಗತಿ ಎಲ್ಲ ಬರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು ಎಂದು ಹೇಳುತ್ತಿದ್ದೆ. “ನಮ್ಮಜ್ಜಿ ಮನೆ ಅದ್ರಡಿ ಇದೆ ಸಾರ್” ಅಂದ ಒಬ್ಬ. ದಿನಾ ಹಿನ್ನೀರು ದಾಟಿಸುವ ಲಾಂಚಿನಲ್ಲಿ ಬರುತ್ತಿದ್ದ ಹುಡುಗ. ಅಂದರೆ ಅವನು ದಿನಾ ತನ್ನ ಅಜ್ಜಿಯ ಅಂಗಳದ ಮೇಲಿಂದಲೇ ಶಾಲೆಗೆ ಬರುತ್ತಿದ್ದ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದಕ್ಕೂ ಮೊದಲಿನ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಎದ್ದು ಕಾಣುತ್ತದಲ್ಲ, ನೀವೂ ನೋಡಿರುತ್ತೀರಿ. ಅಲ್ಲಿಗೆ ಹೋಗಿ ಬಂದು ಅವನು ಅಜ್ಜಿಯ ಮಾತು ಬರೆದುಕೊಂಡು ಬಂದ. ಬಿಟ್ಟುಬಂದ ಅಡಿಕೆ ತೋಟ, ದೇವರ ಕಟ್ಟೆ, ಬೇರೆ ಬೇರೆ ದಿಕ್ಕಿಗೆ ಹೋದ ನೆಂಟರು. ಆ ಬರಹವನ್ನು ತರಗತಿಯಲ್ಲಿ ಓದಿಸಿದೆ. ಜೋಗದ ಕರೆಂಟು ನಾಡಿಗೆ ಬೆಳಕು ಕೊಟ್ಟಿತು. ಅದೂ ನಿಜ. ಸಿಗಂದೂರಿನ ಸೇತುವೆ ಆಗಿದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೂ ಆ ಮಕ್ಕಳು ಲಾಂಚಿಗೆ ಕಾದರು. ಅದೂ ನಿಜ. ದೇಶ ಕಟ್ಟಿದ್ದು ಯಾರು ಎಂದು ಕೇಳಿದರೆ ಅವನ ಅಜ್ಜಿಯ ಹೆಸರೂ ಬರಬೇಕು ಅನ್ನುವವನು ನಾನು.

ಅಪ್ಪ ಅಮ್ಮಂದಿರು ನನ್ನನ್ನು ಒಂದು ಮಾತು ಕೇಳಿದ್ದಿದೆ. “ಮೇಷ್ಟ್ರೇ, ಇಷ್ಟೆಲ್ಲ ಹೇಳಿದ್ರೆ ಮಕ್ಕಳಿಗೆ ದೇಶದ ಮೇಲೆ ಅಭಿಮಾನ ಕಡಿಮೆ ಆಗಲ್ವಾ?” ಕೇಳಬೇಕಾದ ಪ್ರಶ್ನೆಯೇ. ಅವರ ಕಾಳಜಿ ಸುಳ್ಳಲ್ಲ. ನಾನು ಕಂಡದ್ದು ಹೇಳುತ್ತೇನೆ. ನಾವು ಬಿಟ್ಟು ಹೇಳಿದ್ದನ್ನು ಮಕ್ಕಳು ನಾಳೆ ಬೇರೆ ಯಾರಿಂದಲೋ ಕೇಳಿಯೇ ಕೇಳುತ್ತಾರೆ. ಹೇಳುವವನು ಅದಕ್ಕೆ ಸಿಟ್ಟು ಬೆರೆಸಿ ಹೇಳುತ್ತಾನೆ. ಆಗ ಮಗುವಿಗೆ ಅನ್ನಿಸುವುದು ಒಂದೇ, ‘ನಮ್ಮ ಮೇಷ್ಟ್ರು ನಮಗೆ ಮುಚ್ಚಿಟ್ಟರು.’ ಆಮೇಲೆ ನಾವು ಹೇಳಿದ ಒಳ್ಳೆಯದನ್ನೂ ಅದು ನಂಬುವುದಿಲ್ಲ. ಅದರ ಬದಲು ಪ್ರೀತಿಯಿಂದ, ನಮ್ಮದೇ ತರಗತಿಯಲ್ಲಿ, ನಮ್ಮ ಬಾಯಿಂದ ಕೇಳಲಿ. ಐವರ ಹೆಸರು ಬಾಯಿಪಾಠ ಮಾಡಿದವರು ಜೂನಿಗೆ ಮರೆತರು. ಕೊಳಗ ಅಳೆದವರು ಮರೆತಿಲ್ಲ. ಇಲ್ಲೇ ಕೂತಿದ್ದಾರೆ, ಬೇಕಾದರೆ ಕೇಳಿ.

ಆ ಹುಡುಗಿಯ ವಿಷಯ ಅರ್ಧಕ್ಕೇ ಬಿಟ್ಟೆ. ಮುಂದಿನ ವರ್ಷದಿಂದ ನಾನು ಈಸೂರಿನ ಪಾಠವನ್ನು ಅವಳ ಪ್ರಶ್ನೆಯಿಂದಲೇ ಶುರು ಮಾಡಿದೆ. ಅದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ‘ಸತ್ತವರ ಮಕ್ಕಳ ಮುಂದೆ ಈ ಪಾಠ ಹೇಗೆ ಮಾಡಬೇಕು?’ ಪ್ರತಿ ವರ್ಷ ಮಕ್ಕಳು ಬೇರೆ ಬೇರೆ ಉತ್ತರ ಕೊಟ್ಟರು. ಒಬ್ಬ ಬರೆದಿದ್ದ: ‘ಅವರ ಅಪ್ಪನ ಹೆಸರನ್ನೂ ಹೇಳಿ ಮಾಡಬೇಕು.’ ಅವಳಿಗೆ ಈ ಮಾತು ತಲುಪಿಸಬೇಕು ಎಂದು ಬಹಳ ಆಸೆ ಇತ್ತು. ಅವಳು ಮದುವೆಯಾಗಿ ಎಲ್ಲಿಗೋ ಹೋದಳು, ಸಿಕ್ಕಲಿಲ್ಲ.

ಮಾತು ಮುಗಿಯುವ ಮೊದಲು ಒಬ್ಬ ಯುವ ಮೇಷ್ಟ್ರು ಎದ್ದು ಕೇಳಿದರು, “ಸಾರ್, ಇದಕ್ಕೆಲ್ಲ ಪೀರಿಯಡ್ ಎಲ್ಲಿಂದ ತರೋದು?” ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಎಲ್ಲ ಪಾಠಕ್ಕೂ ಹೀಗೆ ಮಾಡಲು ಆಗುವುದಿಲ್ಲ. ನನಗೂ ಆಗಲಿಲ್ಲ. ವರ್ಷಕ್ಕೆ ಎರಡು ಪಾಠ ಆರಿಸಿಕೊಳ್ಳಿ. ಒಂದು ದಸರಾ ರಜೆಗೆ ಮೊದಲು, ಒಂದು ಆಮೇಲೆ. ರಜೆಯಲ್ಲಿ ಮಕ್ಕಳು ಹೇಗೂ ಅಜ್ಜಿ ಮನೆಗೆ ಹೋಗುತ್ತಾರೆ. ಒಂದು ಪ್ರಶ್ನೆ ಕೊಟ್ಟು ಕಳಿಸಿ. ಆಂತರಿಕ ಅಂಕದ ಪ್ರಾಜೆಕ್ಟ್ ಇದ್ದೇ ಇದೆ. ಅಂಗಡಿಯಿಂದ ಚಾರ್ಟು ತಂದು ನಾಯಕರ ಚಿತ್ರ ಅಂಟಿಸುವ ಬದಲು ಇದನ್ನು ಬರೆಸಿ. ಉಳಿದ ಪಾಠ ಎಂದಿನಂತೆ ಮಾಡಿ. ಯಾರಾದರೂ ಎದ್ದು ನಿಂತು ಕೇಳಿದರೆ ಅವರನ್ನು ಮಾತ್ರ ಕೂರಿಸಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ‘ನಾಳೆ ಹುಡುಕೋಣ’ ಎನ್ನಿ.

ಇನ್ನು ಪೋಷಕರಲ್ಲಿ ಒಂದು ವಿನಂತಿ. ಈಗ ಎಲ್ಲ ಕಡೆ ಹಳೇ ಮನೆ ಕೆಡವಿ ತಾರಸಿ ಮನೆ ಕಟ್ಟುತ್ತಿದ್ದೀರಿ. ಅಟ್ಟ ಖಾಲಿ ಮಾಡುವಾಗ ಹಳೇ ಕೊಳಗ, ಸೇರು, ಗೇಣಿ ಚೀಟಿ, ಲೆಕ್ಕದ ಪುಸ್ತಕ ಸಿಕ್ಕರೆ ಗುಜರಿಯವರಿಗೆ ಕೊಡಬೇಡಿ, ಬಚ್ಚಲ ಒಲೆಗೆ ಹಾಕಬೇಡಿ. ಒಂದು ಚೀಲದಲ್ಲಿ ಹಾಕಿ ನಿಮ್ಮೂರಿನ ಶಾಲೆಗೆ ಕಳಿಸಿ. ಮಗುವಿನ ಕೈಯಲ್ಲೇ ಕಳಿಸಿ.